ಜಾನ್ ಪಿಯರ್‌ಪಾಂಟ್ ಮಾರ್ಗನ್

ಜಾನ್ ಪಿಯರ್‌ಪಾಂಟ್ ಮಾರ್ಗನ್ (ಏಪ್ರಿಲ್ 17, 1837 – ಮಾರ್ಚ್ 31, 1913) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಬ್ಯಾಂಕರ್, ಕೈಗಾರಿಕೆಗಳ ಸಂಘಟಕ ಹಾಗೂ ಕಲಾಸಂಗ್ರಾಹಕ. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯಲ್ಲಿ ವ್ಯಾಸಂಗ ಮುಗಿಸಿ, ಇಪ್ಪತ್ತನೆಯ ವಯಸ್ಸಿನಲ್ಲಿ ಸ್ವದೇಶಕ್ಕೆ ಮರಳಿ, ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಸಂಬಳವಿಲ್ಲದ ಗುಮಾಸ್ತರಾಗಿ ವೃತ್ತಿಜೀವನ ಆರಂಭಿಸಿದ ಇವರು ಮುಂದೆ ಅಮೆರಿಕದ ಹೂಡಿಕೆ ಬ್ಯಾಂಕಿಂಗ್ ಕ್ಷೇತ್ರದ ಅತ್ಯಂತ ಪ್ರಭಾವಶಾಲಿ ವ್ಯಕ್ತಿಯಾದರು. ಜನರಲ್ ಎಲೆಕ್ಟ್ರಿಕ್, ಯು.ಎಸ್. ಸ್ಟೀಲ್ ಮೊದಲಾದ ಬೃಹತ್ ಕಂಪನಿಗಳ ಸ್ಥಾಪನೆಯ ಹಿಂದೆ ಇವರ ಕೈಯಿತ್ತು. 1895 ಮತ್ತು 1907ರ ಆರ್ಥಿಕ ಬಿಕ್ಕಟ್ಟುಗಳಲ್ಲಿ, ಕೇಂದ್ರ ಬ್ಯಾಂಕ್ ಇಲ್ಲದಿದ್ದ ದೇಶದಲ್ಲಿ, ಅಂತಹ ಬ್ಯಾಂಕ್ ಮಾಡಬೇಕಾದ ಕೆಲಸವನ್ನು ಇವರೇ ನಿರ್ವಹಿಸಿದರು. ಒಬ್ಬ ಖಾಸಗಿ ವ್ಯಕ್ತಿಯ ಕೈಯಲ್ಲಿ ಇಷ್ಟು ಅಧಿಕಾರವಿರುವುದು ಸರಿಯೇ ಎಂಬ ಪ್ರಶ್ನೆಯೂ ಇವರ ಕಾಲದಲ್ಲಿಯೇ ತೀವ್ರವಾಗಿ ಎದ್ದಿತು.

ಮನೆತನ

ಪಿಯರ್‌ಪಾಂಟ್ ಜನಿಸಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಜೂನಿಯಸ್ ಸ್ಪೆನ್ಸರ್ ಮಾರ್ಗನ್ ಸಗಟು ಬಟ್ಟೆ ವ್ಯಾಪಾರದಿಂದ ಬ್ಯಾಂಕಿಂಗ್‌ಗೆ ಬಂದವರು. ತಂದೆಯ ತಂದೆ ಜೋಸೆಫ್ ಮಾರ್ಗನ್ ಹಾರ್ಟ್‌ಫರ್ಡಿನಲ್ಲಿ ಆಸ್ತಿ ಮತ್ತು ವಿಮಾ ವ್ಯವಹಾರಗಳಲ್ಲಿ ಹಣ ತೊಡಗಿಸಿ ಮನೆತನದ ಸಂಪತ್ತಿಗೆ ಅಡಿಪಾಯ ಹಾಕಿದ್ದರು. ತಾಯಿ ಜೂಲಿಯೆಟ್ ಅವರ ತಂದೆ ಜಾನ್ ಪಿಯರ್‌ಪಾಂಟ್ ಕ್ರೈಸ್ತ ಪಾದ್ರಿ, ಕವಿ ಹಾಗೂ ಗುಲಾಮಗಿರಿಯ ಕಡು ವಿರೋಧಿ. ಮೊಮ್ಮಗನಿಗೆ ಅವರ ಹೆಸರನ್ನೇ ಇಡಲಾಯಿತು. ಒಂದು ಕಡೆ ಲೆಕ್ಕಾಚಾರದ ವ್ಯಾಪಾರಿ ಮನೆತನ, ಇನ್ನೊಂದು ಕಡೆ ಹಣಕಾಸಿನ ಗೋಜಿಗೆ ಹೋಗದ ಕವಿಮನೆತನ. ಇವೆರಡರ ನಡುವೆ ಬೆಳೆದ ಬಾಲಕನನ್ನು ವ್ಯಾಪಾರದ ದಾರಿಗೇ ತರಬೇಕೆಂಬುದು ತಂದೆಯ ದೃಢ ಸಂಕಲ್ಪವಾಗಿತ್ತು.

1854ರಲ್ಲಿ ಜೂನಿಯಸ್ ಲಂಡನ್ನಿಗೆ ತೆರಳಿ ಜಾರ್ಜ್ ಪೀಬಾಡಿ ಅವರ ಬ್ಯಾಂಕಿನಲ್ಲಿ ಪಾಲುದಾರರಾದರು. ಮೂಲತಃ ಅಮೆರಿಕದವರೇ ಆದ ಪೀಬಾಡಿ ಅಮೆರಿಕದ ರಾಜ್ಯ ಸರ್ಕಾರಗಳ ಮತ್ತು ರೈಲು ಕಂಪನಿಗಳ ಸಾಲಪತ್ರಗಳನ್ನು ಬ್ರಿಟನ್ನಿನ ಹೂಡಿಕೆದಾರರಿಗೆ ಮಾರಿಕೊಡುತ್ತಿದ್ದರು. ಆ ಕಾಲದಲ್ಲಿ ಅಮೆರಿಕದಲ್ಲಿ ಭೂಮಿ, ಗಣಿ, ಕಾಡು ಎಲ್ಲವೂ ಇದ್ದವು. ಬಂಡವಾಳ ಮಾತ್ರ ಸಾಕಷ್ಟು ಇರಲಿಲ್ಲ. ಬಂಡವಾಳ ಇದ್ದುದು ಲಂಡನ್ನಿನಲ್ಲಿ. ಸಾಗರದ ಎರಡು ದಡಗಳ ನಡುವೆ ನಂಬಿಕೆಯ ಸೇತುವೆಯಾಗುವುದೇ ಪೀಬಾಡಿ ಸಂಸ್ಥೆಯ ಕಸುಬು. ಪಿಯರ್‌ಪಾಂಟ್ ಪ್ರವೇಶಿಸಬೇಕಾಗಿದ್ದುದು ಈ ಕಸುಬನ್ನೇ.

ಬಾಲ್ಯ ಮತ್ತು ಆರಂಭಿಕ ಶಿಕ್ಷಣ

ಬಾಲ್ಯದಲ್ಲಿ ಪಿಯರ್‌ಪಾಂಟ್ ಅವರ ಆರೋಗ್ಯ ಸದಾ ಕೆಡುತ್ತಿತ್ತು. ಹಾರ್ಟ್‌ಫರ್ಡ್ ಮತ್ತು ಚೆಷೈರ್‌ಗಳ ಶಾಲೆಗಳಲ್ಲಿ ಓದಿದ ಮೇಲೆ ಅವರು ಬಾಸ್ಟನ್ನಿನ ಇಂಗ್ಲಿಷ್ ಹೈಸ್ಕೂಲ್ ಸೇರಿದರು. ವ್ಯಾಪಾರ ವೃತ್ತಿಗೆ ಹೋಗುವ ಹುಡುಗರಿಗೆ ಗಣಿತವನ್ನು ಗಟ್ಟಿಯಾಗಿ ಕಲಿಸುವುದರಲ್ಲಿ ಆ ಶಾಲೆ ಹೆಸರುವಾಸಿಯಾಗಿತ್ತು. 1852ರಲ್ಲಿ ಸಂಧಿವಾತದ ಜ್ವರಕ್ಕೆ ತುತ್ತಾಗಿ ನಡೆಯಲೂ ಆಗದಷ್ಟು ಬಳಲಿದಾಗ, ಚೇತರಿಕೆಗಾಗಿ ಅವರನ್ನು ಅಟ್ಲಾಂಟಿಕ್ ಸಾಗರದ ನಡುವಣ ಅಜೋರ್ಸ್ ದ್ವೀಪಗಳಿಗೆ ಕಳುಹಿಸಲಾಯಿತು. ತಂದೆತಾಯಿಯರಿಂದ ದೂರವಾಗಿ ಅಲ್ಲಿ ಹಲವು ತಿಂಗಳು ಕಳೆದ ಹದಿನೈದರ ಹುಡುಗ ಗುಣಮುಖನಾಗಿ ಹಿಂದಿರುಗಿ ಮತ್ತೆ ಶಾಲೆ ಸೇರಿ, 1854ರಲ್ಲಿ ವ್ಯಾಸಂಗ ಪೂರೈಸಿದನು.

ವಿದೇಶದಲ್ಲಿ ವ್ಯಾಸಂಗ

ಕುಟುಂಬ ಲಂಡನ್ನಿಗೆ ಸ್ಥಳಾಂತರಗೊಂಡ ಬಳಿಕ ಜೂನಿಯಸ್ ಮಗನನ್ನು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿರುವ ವೆವೆ ಪಟ್ಟಣದ ಬಳಿಯ ವಸತಿ ಶಾಲೆಗೆ ಸೇರಿಸಿದರು. ಲಂಡನ್ನಿನ ಬ್ಯಾಂಕಿಗೆ ಯೂರೋಪಿನ ಬೇರೆ ಬೇರೆ ಹಣಕಾಸು ಕೇಂದ್ರಗಳೊಡನೆ ವ್ಯವಹಾರವಿದ್ದುದರಿಂದ ಮಗ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಕಲಿಯುವುದು ಅಗತ್ಯವೆಂದು ಅವರು ಭಾವಿಸಿದ್ದರು. ವೆವೆಯಲ್ಲಿ ಪಿಯರ್‌ಪಾಂಟ್ ಫ್ರೆಂಚ್ ಭಾಷೆಯಲ್ಲಿ ಸರಾಗವಾಗಿ ಮಾತನಾಡುವುದನ್ನು ಕಲಿತರು; ಗಣಿತದಲ್ಲಿ ಎಲ್ಲರ ಗಮನ ಸೆಳೆದರು.

1856ರಲ್ಲಿ ಅವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದರು. ಕಾರ್ಲ್ ಫ್ರೀಡ್ರಿಕ್ ಗೌಸ್ ಅವರಂತಹ ಮಹಾನ್ ಗಣಿತಜ್ಞರು ದುಡಿದಿದ್ದ ವಿಶ್ವವಿದ್ಯಾಲಯವದು. ಗೌಸ್ ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿತ್ತು. ದೊಡ್ಡ ದೊಡ್ಡ ಸಂಖ್ಯೆಗಳ ಮೂಲವನ್ನು ಮನಸ್ಸಿನಲ್ಲಿಯೇ ಗುಣಿಸಿ ತೆಗೆಯಬಲ್ಲ ಈ ವಿದ್ಯಾರ್ಥಿಯನ್ನು ಮೆಚ್ಚಿದ ಗಣಿತದ ಪ್ರಾಧ್ಯಾಪಕರೊಬ್ಬರು, ಅಲ್ಲಿಯೇ ಉಳಿದು ಬೋಧನೆಯಲ್ಲಿ ತೊಡಗುವಂತೆ ಸಲಹೆ ನೀಡಿದರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಆದರೆ ಪಿಯರ್‌ಪಾಂಟ್ ಅವರ ಮುಂದಿನ ದಾರಿ ಅದಾಗಲೇ ನಿಶ್ಚಿತವಾಗಿತ್ತು. ಅವರು ಪದವಿ ಪಡೆಯುವವರೆಗೆ ಅಲ್ಲಿ ನಿಲ್ಲಲಿಲ್ಲ. ವಿದೇಶದ ವ್ಯಾಸಂಗದಿಂದ ಅವರಿಗೆ ದೊರೆತದ್ದು ಎರಡು ಭಾಷೆಗಳು, ಲೆಕ್ಕದಲ್ಲಿ ಹಿಡಿತ, ಯೂರೋಪಿನ ಜನರೊಡನೆ ಸಂಕೋಚವಿಲ್ಲದೆ ಬೆರೆಯುವ ರೂಢಿ ಮತ್ತು ಜೀವಮಾನವಿಡೀ ಉಳಿದ ಕಲಾಸಕ್ತಿ.

ನ್ಯೂಯಾರ್ಕಿನಲ್ಲಿ ಗುಮಾಸ್ತ

1857ರಲ್ಲಿ ಅಮೆರಿಕಕ್ಕೆ ಮರಳಿದ ಪಿಯರ್‌ಪಾಂಟ್ ನ್ಯೂಯಾರ್ಕಿನ ಡಂಕನ್, ಷರ್ಮನ್ ಅಂಡ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಈ ಸಂಸ್ಥೆ ಪೀಬಾಡಿ ಬ್ಯಾಂಕಿನ ಅಮೆರಿಕದ ಪ್ರತಿನಿಧಿಯಾಗಿತ್ತು. ಆದ್ದರಿಂದ ಅಲ್ಲಿ ಸ್ಥಾನ ದೊರೆತದ್ದು ತಂದೆಯ ಪ್ರಭಾವದಿಂದಲೇ. ಆದರೆ ಕೆಲಸ ಮಾತ್ರ ಕೆಳಗಿನ ಮೆಟ್ಟಿಲಿನದು. ಸಂಬಳವಿಲ್ಲದೆ ಲೆಕ್ಕದ ಪುಸ್ತಕ ಬರೆಯುವುದು, ಪತ್ರಗಳ ನಕಲು ಮಾಡುವುದು, ಹುಂಡಿಗಳನ್ನು ಪರಿಶೀಲಿಸುವುದು ಅವರ ದಿನಚರಿಯಾಯಿತು. ಸಂಸ್ಥೆಯ ಪಾಲುದಾರರಲ್ಲಿ ಒಬ್ಬರಾದ ಚಾರ್ಲ್ಸ್ ಡ್ಯಾಬ್ನಿ ಅವರಿಂದ ಪಿಯರ್‌ಪಾಂಟ್ ಲೆಕ್ಕಪತ್ರ ಶಾಸ್ತ್ರವನ್ನು ಆಳವಾಗಿ ಕಲಿತರು. ಮುಂದೆ ಯಾವ ಕಂಪನಿಯ ಲೆಕ್ಕಪತ್ರವನ್ನಾದರೂ ಸ್ವತಃ ಓದಿ ಅದರ ಒಳಹುರುಳನ್ನು ತಿಳಿಯುವ ಶಕ್ತಿ ಅವರಿಗೆ ಬಂದದ್ದು ಈ ವರ್ಷಗಳಲ್ಲಿ.

ಅವರು ಕೆಲಸಕ್ಕೆ ಸೇರಿದ ವರ್ಷವೇ ಅಮೆರಿಕದಲ್ಲಿ ಭಾರಿ ಆರ್ಥಿಕ ತಲ್ಲಣ ಉಂಟಾಯಿತು. ಬ್ಯಾಂಕುಗಳು, ರೈಲು ಕಂಪನಿಗಳು ಸಾಲುಸಾಲಾಗಿ ಕುಸಿದವು. ಅಮೆರಿಕದಿಂದ ಬರಬೇಕಾದ ಹಣ ನಿಂತುಹೋದ ಕಾರಣ ಲಂಡನ್ನಿನ ಪೀಬಾಡಿ ಬ್ಯಾಂಕೇ ಮುಳುಗುವ ಸ್ಥಿತಿ ತಲುಪಿತು. ಬ್ಯಾಂಕ್ ಆಫ್ ಇಂಗ್ಲೆಂಡ್ 8 ಲಕ್ಷ ಪೌಂಡುಗಳ ಸಾಲ ನೀಡಿದ ಮೇಲೆ ಸಂಸ್ಥೆ ಉಳಿಯಿತು. ಒಂದು ಬ್ಯಾಂಕಿನ ಮೇಲಿನ ನಂಬಿಕೆ ಅಲುಗಿದರೆ ದಶಕಗಳ ದುಡಿಮೆ ಕೆಲವೇ ದಿನಗಳಲ್ಲಿ ಹೇಗೆ ಕರಗಬಲ್ಲದು ಎಂಬುದನ್ನು ಇಪ್ಪತ್ತು ವರ್ಷದ ಗುಮಾಸ್ತರು ಹತ್ತಿರದಿಂದ ಕಂಡರು.

ಸಾಗರದಾಚೆಗೆ ಶಾಶ್ವತವಾದ ತಂತಿ ಸಂಪರ್ಕ ಏರ್ಪಟ್ಟದ್ದು 1866ರಲ್ಲಿ. ಅದಕ್ಕೂ ಮುನ್ನ ನ್ಯೂಯಾರ್ಕಿನ ಸುದ್ದಿ ಲಂಡನ್ನಿಗೆ ತಲುಪಲು ಹಡಗು ಬರುವವರೆಗೆ ಕಾಯಬೇಕಿತ್ತು. ಹೀಗಾಗಿ ನಂಬಲರ್ಹವಾದ ಸುದ್ದಿಯೇ ಬ್ಯಾಂಕರುಗಳ ದೊಡ್ಡ ಬಂಡವಾಳವಾಗಿತ್ತು. ಪಿಯರ್‌ಪಾಂಟ್ ಪ್ರತಿ ಹಡಗಿನ ಟಪಾಲಿನಲ್ಲಿಯೂ ತಂದೆಗೆ ದೀರ್ಘ ಪತ್ರಗಳನ್ನು ಬರೆದು ಪೇಟೆಯ ಸ್ಥಿತಿಗತಿ, ರಾಜಕೀಯ ಬೆಳವಣಿಗೆ, ಯಾವ ವ್ಯಾಪಾರಿ ನಂಬಿಕಸ್ಥ ಎಂಬ ವಿವರಗಳನ್ನು ತಿಳಿಸುತ್ತಿದ್ದರು. ಜೂನಿಯಸ್ ಈ ಪತ್ರಗಳನ್ನು ಸಂಪುಟಗಳಾಗಿ ಕಟ್ಟಿಸಿ ಕಾಪಾಡಿದರು. ಮೂವತ್ತು ವರ್ಷಗಳಿಗೂ ಮೀರಿ ನಡೆದ ಈ ಪತ್ರವ್ಯವಹಾರವನ್ನು ಮಗ ತನ್ನ ಕೊನೆಯ ವರ್ಷಗಳಲ್ಲಿ ತಾನೇ ಸುಟ್ಟುಹಾಕಿದನು.

1859ರಲ್ಲಿ ನ್ಯೂ ಆರ್ಲಿಯನ್ಸ್ ಬಂದರಿಗೆ ಹೋಗಿದ್ದಾಗ ನಡೆದ ಘಟನೆಯೊಂದು ಪ್ರಸಿದ್ಧವಾಗಿದೆ. ಕೊಳ್ಳುವವರಿಲ್ಲದೆ ನಿಂತಿದ್ದ ಹಡಗಿನ ಕಾಫಿಯನ್ನೆಲ್ಲ ಪಿಯರ್‌ಪಾಂಟ್ ಯಾರ ಅನುಮತಿಯನ್ನೂ ಪಡೆಯದೆ ಸಂಸ್ಥೆಯ ಹಣದಿಂದ ಕೊಂಡರು. ಅಲ್ಲಿನ ವರ್ತಕರಿಗೆ ಅದನ್ನು ಮಾರಿ ಲಾಭವನ್ನೂ ಗಳಿಸಿದರು. ಲಾಭ ಬಂದಿತಾದರೂ ಮಾಲೀಕರಿಗೆ ಆದ ಗಾಬರಿ ಕಡಿಮೆಯದಾಗಿರಲಿಲ್ಲ. ಬೇರೆಯವರ ಹಣವನ್ನು ಹೇಳದೆ ಕೇಳದೆ ಪಣಕ್ಕಿಡುವ ಗುಮಾಸ್ತನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳಲು ಅವರು ಒಪ್ಪಲಿಲ್ಲ.

ಸ್ವಂತ ಕಚೇರಿ ಮತ್ತು ಅಂತರ್ಯುದ್ಧದ ವರ್ಷಗಳು

ಪಾಲುದಾರಿಕೆ ಕೈಗೂಡದಿದ್ದಾಗ ಪಿಯರ್‌ಪಾಂಟ್ ಸೋದರ ಸಂಬಂಧಿ ಜೇಮ್ಸ್ ಗುಡ್ವಿನ್ ಅವರೊಡನೆ ಜೆ. ಪಿಯರ್‌ಪಾಂಟ್ ಮಾರ್ಗನ್ ಅಂಡ್ ಕಂಪನಿ ಎಂಬ ಸಣ್ಣ ಕಚೇರಿಯನ್ನು ತೆರೆದರು. ತಂದೆಯ ಲಂಡನ್ ಬ್ಯಾಂಕಿಗೆ ನ್ಯೂಯಾರ್ಕಿನ ಪ್ರತಿನಿಧಿಯಾಗುವುದೇ ಅದರ ಮುಖ್ಯ ಕೆಲಸ. ಇದೇ ವೇಳೆಗೆ, 1861ರಲ್ಲಿ, ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಅನೇಕ ಸಿರಿವಂತ ಯುವಕರಂತೆ ಪಿಯರ್‌ಪಾಂಟ್ ಕೂಡ ಹಣ ತೆತ್ತು ತಮ್ಮ ಬದಲಿಗೆ ಬೇರೊಬ್ಬರನ್ನು ಸೈನ್ಯಕ್ಕೆ ಕಳುಹಿಸಿದರು.

ಯುದ್ಧಕಾಲದ ಎರಡು ವ್ಯವಹಾರಗಳು ಅವರ ಹೆಸರಿಗೆ ಕಳಂಕ ತಂದವು. ಮೊದಲನೆಯದು ಹಾಲ್ ಕಾರ್ಬೈನ್ ಪ್ರಕರಣ. ಸರ್ಕಾರವು ಹಳೆಯದೆಂದು ತಲಾ ಮೂರೂವರೆ ಡಾಲರಿಗೆ ಮಾರಲು ಒಪ್ಪಿದ್ದ 5,000 ಬಂದೂಕುಗಳನ್ನು ದಲ್ಲಾಳಿಗಳು ದುರಸ್ತಿ ಮಾಡಿಸಿ, ಅದೇ ಸರ್ಕಾರದ ಸೇನಾಧಿಕಾರಿಗೆ ತಲಾ 22 ಡಾಲರಿಗೆ ಮಾರಿದರು. ಈ ವ್ಯವಹಾರಕ್ಕೆ 20,000 ಡಾಲರ್ ಸಾಲ ನೀಡಿದವರು ಪಿಯರ್‌ಪಾಂಟ್. ಅವರಿಗೆ ಒಳಸಂಚು ಎಷ್ಟರಮಟ್ಟಿಗೆ ತಿಳಿದಿತ್ತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಸಂಸತ್ತಿನ ವಿಚಾರಣೆಯಲ್ಲಿ ಅವರ ಹೆಸರು ಬಂದಿತು. ಎರಡನೆಯದು 1863ರ ಚಿನ್ನದ ಸಟ್ಟಾ ವ್ಯವಹಾರ. ಗೆಳೆಯರೊಬ್ಬರೊಡನೆ ಸೇರಿ ಗುಟ್ಟಾಗಿ ಚಿನ್ನ ಕೂಡಿಹಾಕಿ, ಅದರ ದೊಡ್ಡ ಪಾಲನ್ನು ಇಂಗ್ಲೆಂಡಿಗೆ ಸಾಗಿಸಿ, ಬೆಲೆ ಏರಿದಾಗ ಉಳಿದದ್ದನ್ನು ಮಾರಿ ಅವರು ಲಾಭ ಮಾಡಿಕೊಂಡರು.

ಈ ಸಾಹಸಗಳು ಜೂನಿಯಸ್ ಅವರನ್ನು ತೀವ್ರ ಅಸಮಾಧಾನಕ್ಕೆ ಗುರಿಮಾಡಿದವು. ಒಮ್ಮೆಯ ಲಾಭಕ್ಕಾಗಿ ಹೆಸರನ್ನು ಒತ್ತೆಯಿಡುವವನಿಗೆ ಲಂಡನ್ನಿನ ಹೂಡಿಕೆದಾರರು ಹಣ ಕೊಡಲಾರರೆಂಬುದು ಅವರ ನಿಲುವು. 1864ರಲ್ಲಿ ಅವರು ಮಗನ ಸಂಸ್ಥೆಗೆ ಹಿರಿಯ ಪಾಲುದಾರರಾಗಿ ಚಾರ್ಲ್ಸ್ ಡ್ಯಾಬ್ನಿ ಅವರನ್ನು ತಂದರು. ಹಿಂದೆ ಲೆಕ್ಕ ಕಲಿಸಿದ ಗುರುವೇ ಈಗ ಕಾವಲುಗಾರರೂ ಆದರು. ಸಂಸ್ಥೆಯ ಹೆಸರು ಡ್ಯಾಬ್ನಿ, ಮಾರ್ಗನ್ ಅಂಡ್ ಕಂಪನಿ ಎಂದಾಯಿತು. ಅದೇ ವರ್ಷ ಪೀಬಾಡಿ ನಿವೃತ್ತರಾಗಿ, ಲಂಡನ್ ಬ್ಯಾಂಕು ಜೆ. ಎಸ್. ಮಾರ್ಗನ್ ಅಂಡ್ ಕಂಪನಿ ಎಂಬ ಹೆಸರು ಪಡೆಯಿತು.

ವಿವಾಹ ಮತ್ತು ಕುಟುಂಬ

1861ರ ಅಕ್ಟೋಬರಿನಲ್ಲಿ ಪಿಯರ್‌ಪಾಂಟ್ ಅಮೀಲಿಯಾ ಸ್ಟರ್ಜಸ್ ಅವರನ್ನು ವಿವಾಹವಾದರು. ವಧು ಆಗಲೇ ಕ್ಷಯರೋಗದಿಂದ ಬಳಲುತ್ತಿದ್ದರು. ರೋಗ ತಿಳಿದಿದ್ದೂ ವಿವಾಹದಿಂದ ಹಿಂದೆ ಸರಿಯದ ಪಿಯರ್‌ಪಾಂಟ್, ವ್ಯವಹಾರವನ್ನು ಬದಿಗಿಟ್ಟು ಪತ್ನಿಯನ್ನು ಬೆಚ್ಚನೆಯ ಹವೆಯ ಆಲ್ಜಿಯರ್ಸ್‌ಗೂ ಅಲ್ಲಿಂದ ಫ್ರಾನ್ಸಿನ ನೀಸ್ ನಗರಕ್ಕೂ ಕರೆದೊಯ್ದರು. ಆದರೂ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1862ರ ಫೆಬ್ರವರಿಯಲ್ಲಿ, ಅಮೀಲಿಯಾ ನೀಸ್‌ನಲ್ಲಿ ನಿಧನರಾದರು. ಈ ಅಗಲಿಕೆಯ ನೋವು ಅವರನ್ನು ಬಹುಕಾಲ ಕಾಡಿತು.

1865ರಲ್ಲಿ ಅವರು ನ್ಯೂಯಾರ್ಕಿನ ವಕೀಲರೊಬ್ಬರ ಮಗಳಾದ ಫ್ರಾನ್ಸಿಸ್ ಲೂಯಿಸಾ ಟ್ರೇಸಿ ಅವರನ್ನು ಮದುವೆಯಾದರು. ಲೂಯಿಸಾ, ಜಾನ್ ಪಿಯರ್‌ಪಾಂಟ್ (ಕಿರಿಯ), ಜೂಲಿಯೆಟ್ ಮತ್ತು ಆನ್ ಈ ದಂಪತಿಯ ಮಕ್ಕಳು. ಮಗ ಕಿರಿಯ ಪಿಯರ್‌ಪಾಂಟ್ ಮುಂದೆ ತಂದೆಯ ಬ್ಯಾಂಕನ್ನು ಮುನ್ನಡೆಸಿದರು.

ಡ್ರೆಕ್ಸೆಲ್ ಪಾಲುದಾರಿಕೆ

ಮೂವತ್ತಮೂರನೆಯ ವಯಸ್ಸಿಗೆ ಮಾರ್ಗನ್ ಸಾಕಷ್ಟು ಹಣ ಗಳಿಸಿದ್ದರು. ಆದರೆ ತಲೆನೋವು, ನಿತ್ರಾಣ ಮತ್ತು ಖಿನ್ನತೆಗಳಿಂದ ಬಳಲಿ ವೃತ್ತಿಯಿಂದಲೇ ನಿವೃತ್ತರಾಗುವ ಆಲೋಚನೆಯಲ್ಲಿದ್ದರು. ಆ ಹೊತ್ತಿನಲ್ಲಿ ಫಿಲಡೆಲ್ಫಿಯಾದ ಪ್ರತಿಷ್ಠಿತ ಬ್ಯಾಂಕರ್ ಆಂಟನಿ ಡ್ರೆಕ್ಸೆಲ್ ಪಾಲುದಾರಿಕೆಯ ಪ್ರಸ್ತಾಪವನ್ನು ಮುಂದಿಟ್ಟರು. ಮೊದಲು ದೀರ್ಘ ವಿಶ್ರಾಂತಿ ಬೇಕೆಂಬ ಮಾರ್ಗನ್ ಅವರ ಷರತ್ತಿಗೂ ಒಪ್ಪಿದರು. 1871ರಲ್ಲಿ ಡ್ರೆಕ್ಸೆಲ್, ಮಾರ್ಗನ್ ಅಂಡ್ ಕಂಪನಿ ಆರಂಭವಾಯಿತು; ಮಾರ್ಗನ್ ಒಂದು ವರ್ಷಕ್ಕೂ ಹೆಚ್ಚು ಕಾಲ ಯೂರೋಪ್ ಮತ್ತು ಈಜಿಪ್ಟ್ ಪ್ರವಾಸದಲ್ಲಿದ್ದು ಚೇತರಿಸಿಕೊಂಡು ಮರಳಿದರು. 1873ರಲ್ಲಿ ಸಂಸ್ಥೆ ವಾಲ್ ಸ್ಟ್ರೀಟಿನ 23ನೆಯ ಸಂಖ್ಯೆಯ ಹೊಸ ಕಟ್ಟಡಕ್ಕೆ ಬಂದಿತು. ಅದೇ ವರ್ಷದ ಆರ್ಥಿಕ ತಲ್ಲಣದಲ್ಲಿ ಯುದ್ಧಕಾಲದ ಅತಿದೊಡ್ಡ ಬ್ಯಾಂಕರ್ ಜೇ ಕುಕ್ ಅವರ ಸಂಸ್ಥೆ ದಿವಾಳಿಯಾಯಿತು. ಸರ್ಕಾರದ ಸಾಲಪತ್ರಗಳ ವ್ಯವಹಾರದಲ್ಲಿ ಅವರಿಂದ ತೆರವಾದ ಸ್ಥಾನಕ್ಕೆ ಬಂದವರಲ್ಲಿ ಡ್ರೆಕ್ಸೆಲ್, ಮಾರ್ಗನ್ ಸಂಸ್ಥೆ ಪ್ರಮುಖವಾದುದು.

ಹೂಡಿಕೆ ಬ್ಯಾಂಕ್ ಜನಸಾಮಾನ್ಯರ ಠೇವಣಿ ಪಡೆದು ಸಾಲ ಕೊಡುವ ಬ್ಯಾಂಕಿನಂತಲ್ಲ. ಸರ್ಕಾರ ಅಥವಾ ಕಂಪನಿಯೊಂದಕ್ಕೆ ದೊಡ್ಡ ಮೊತ್ತದ ಬಂಡವಾಳ ಬೇಕಾದಾಗ ಅದರ ಷೇರು ಅಥವಾ ಸಾಲಪತ್ರಗಳನ್ನು ಒಟ್ಟಾಗಿ ಕೊಂಡು, ತನ್ನ ಹೆಸರಿನ ಭರವಸೆಯ ಮೇಲೆ ಅವುಗಳನ್ನು ಹೂಡಿಕೆದಾರರಿಗೆ ಮಾರುವುದು ಅದರ ಕೆಲಸ. ಮಾರಾಟವಾಗದೆ ಉಳಿದರೆ ನಷ್ಟ ಬ್ಯಾಂಕಿನದು. ಕೊಂಡವರಿಗೆ ಮುಂದೆ ನಷ್ಟವಾದರೆ ಕೆಡುವುದು ಬ್ಯಾಂಕಿನ ಹೆಸರು. 1879ರಲ್ಲಿ ವಿಲಿಯಂ ವ್ಯಾಂಡರ್‌ಬಿಲ್ಟ್ ತಮ್ಮ ನ್ಯೂಯಾರ್ಕ್ ಸೆಂಟ್ರಲ್ ರೈಲು ಕಂಪನಿಯ ಎರಡೂವರೆ ಲಕ್ಷ ಷೇರುಗಳನ್ನು ಮಾರಬಯಸಿದರು. ಸುದ್ದಿ ಹೊರಬಿದ್ದರೆ ಬೆಲೆ ನೆಲಕಚ್ಚುವ ಭಯವಿತ್ತು. ಮಾರ್ಗನ್ ಸದ್ದಿಲ್ಲದೆ ಅವುಗಳಲ್ಲಿ ಬಹುಪಾಲನ್ನು ಇಂಗ್ಲೆಂಡಿನಲ್ಲಿ ಮಾರಿಕೊಟ್ಟರು. ಕೊಂಡವರ ಹಿತ ಕಾಯುವ ಸಲುವಾಗಿ ತಾವೇ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಸ್ಥಾನ ಪಡೆದರು. ಬ್ಯಾಂಕರ್ ಕೇವಲ ದಲ್ಲಾಳಿಯಾಗಿರದೆ ಕಂಪನಿಯ ಆಡಳಿತದಲ್ಲಿಯೂ ಪಾಲ್ಗೊಳ್ಳುವ ಅವರ ಪದ್ಧತಿಗೆ ಇದು ನಾಂದಿಯಾಯಿತು.

ರೈಲು ಕಂಪನಿಗಳ ಪುನರ್ರಚನೆ

ಅಂದಿನ ರೈಲು ಕಂಪನಿಗಳು ಒಂದರ ಪಕ್ಕದಲ್ಲಿ ಒಂದು ಹಳಿ ಹಾಕಿ, ದರ ಇಳಿಸಿ, ಪೈಪೋಟಿಯಲ್ಲಿ ಒಟ್ಟಿಗೇ ಹಾಳಾಗುತ್ತಿದ್ದವು. ಅವುಗಳ ಸಾಲಪತ್ರ ಕೊಂಡ ಬ್ರಿಟಿಷ್ ಹೂಡಿಕೆದಾರರಿಗೆ ಮಾರ್ಗನ್ ಉತ್ತರ ಹೇಳಬೇಕಾಗಿತ್ತು. 1885ರಲ್ಲಿ ಅವರು ಪರಸ್ಪರ ಹಗೆ ಸಾಧಿಸುತ್ತಿದ್ದ ನ್ಯೂಯಾರ್ಕ್ ಸೆಂಟ್ರಲ್ ಮತ್ತು ಪೆನ್ಸಿಲ್ವೇನಿಯಾ ಕಂಪನಿಗಳ ಮುಖ್ಯಸ್ಥರನ್ನು ತಮ್ಮ ವಿಹಾರ ನೌಕೆ ಕೋರ್ಸೇರ್‌ಗೆ ಆಹ್ವಾನಿಸಿ, ನೌಕೆ ನದಿಯಲ್ಲಿ ಸಂಚರಿಸುತ್ತಿದ್ದಂತೆಯೇ ರಾಜಿ ಮಾಡಿಸಿದರು. 1893ರ ಆರ್ಥಿಕ ಕುಸಿತದಲ್ಲಿ ದಿವಾಳಿಯಾದ ಹಲವು ಕಂಪನಿಗಳನ್ನು ಅವರು ಪುನರ್ರಚಿಸಿದರು. ಸಾಲವನ್ನು ಇಳಿಸಿ, ಹೊಸ ಷೇರು ಹೊರಡಿಸಿ, ಕೆಲವು ವರ್ಷಗಳವರೆಗೆ ಮತಾಧಿಕಾರವನ್ನು ತಮ್ಮ ನಂಬಿಕಸ್ಥರ ಮಂಡಳಿಗೆ ವಹಿಸುವ ಈ ಕ್ರಮಕ್ಕೆ ಪತ್ರಿಕೆಗಳು ಅವರ ಹೆಸರನ್ನೇ ಇಟ್ಟವು. ಕಂಪನಿಗಳು ಸ್ಥಿರವಾದವು, ಆದರೆ ಪೈಪೋಟಿ ತಗ್ಗಿದಂತೆ ಸಾಗಣೆ ದರಗಳು ಇಳಿಯವೆಂಬ ಅಸಮಾಧಾನ ರೈತರಲ್ಲಿ ಮತ್ತು ಸಣ್ಣ ವರ್ತಕರಲ್ಲಿ ಬೆಳೆಯಿತು.

1890ರಲ್ಲಿ ಜೂನಿಯಸ್ ಫ್ರಾನ್ಸಿನ ಕಡಲತೀರದಲ್ಲಿ ಕುದುರೆಗಾಡಿಯಿಂದ ಬಿದ್ದು ನಿಧನರಾದರು. ಐವತ್ತಮೂರು ವರ್ಷದವರೆಗೂ ತಂದೆಯ ಮೇಲ್ವಿಚಾರಣೆಯಲ್ಲಿಯೇ ಬೆಳೆದ ಮಗ ಅಲ್ಲಿಂದ ಮುಂದೆ ಸ್ವತಂತ್ರರಾದರು. 1893ರಲ್ಲಿ ಡ್ರೆಕ್ಸೆಲ್ ತೀರಿಕೊಂಡ ಬಳಿಕ, 1895ರಲ್ಲಿ ಸಂಸ್ಥೆ ಜೆ. ಪಿ. ಮಾರ್ಗನ್ ಅಂಡ್ ಕಂಪನಿ ಎಂಬ ಹೆಸರು ತಳೆಯಿತು.

1895ರ ಚಿನ್ನದ ಬಿಕ್ಕಟ್ಟು

ಆಗ ಅಮೆರಿಕದ ಕಾಗದದ ಹಣವನ್ನು ಚಿನ್ನಕ್ಕೆ ಬದಲಾಯಿಸಿಕೊಳ್ಳಬಹುದಾಗಿತ್ತು. ಅದಕ್ಕಾಗಿ ಸರ್ಕಾರಿ ಖಜಾನೆಯಲ್ಲಿ ಕನಿಷ್ಠ 10 ಕೋಟಿ ಡಾಲರ್ ಮೌಲ್ಯದ ಚಿನ್ನವಿರಬೇಕೆಂಬುದು ವಾಡಿಕೆ. 1895ರ ಆರಂಭದಲ್ಲಿ ಈ ಮೀಸಲು ಅರ್ಧಕ್ಕಿಂತಲೂ ಕೆಳಗೆ ಇಳಿದು ಪ್ರತಿದಿನವೂ ಕರಗುತ್ತಿತ್ತು. ಮಾರ್ಗನ್ ವಾಷಿಂಗ್ಟನ್ನಿಗೆ ತೆರಳಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಅವರನ್ನು ಭೇಟಿಯಾದರು. ಸಂಸತ್ತಿನ ಹೊಸ ಒಪ್ಪಿಗೆಯಿಲ್ಲದೆಯೇ ಸಾಲಪತ್ರ ನೀಡಿ ಚಿನ್ನ ಕೊಳ್ಳಲು ಅಂತರ್ಯುದ್ಧ ಕಾಲದ ಕಾನೂನೊಂದು ಅವಕಾಶ ನೀಡಿತ್ತು. ಅದರಂತೆ ಮಾರ್ಗನ್ ಮತ್ತು ರಾಥ್‌ಚೈಲ್ಡ್ ಬ್ಯಾಂಕಿನ ಪ್ರತಿನಿಧಿ ಆಗಸ್ಟ್ ಬೆಲ್ಮಾಂಟ್ ಸೇರಿ ಸುಮಾರು 35 ಲಕ್ಷ ಔನ್ಸ್ ಚಿನ್ನವನ್ನು ಒದಗಿಸಿದರು. ಅದರಲ್ಲಿ ಅರ್ಧದಷ್ಟು ಯೂರೋಪಿನಿಂದ ಬರಬೇಕೆಂಬುದು ಕರಾರು. ಖಜಾನೆ ಉಳಿಯಿತು. ಆದರೆ ಬ್ಯಾಂಕರುಗಳಿಗೆ ಸಾಲಪತ್ರಗಳನ್ನು ಅಗ್ಗವಾಗಿ ಕೊಡಲಾಯಿತೆಂಬ ಟೀಕೆ ದೇಶಾದ್ಯಂತ ಕೇಳಿಬಂದಿತು. ಗಳಿಸಿದ ಲಾಭವೆಷ್ಟೆಂದು ತಿಳಿಸಲು ಮಾರ್ಗನ್ ನಿರಾಕರಿಸಿದರು.

ಕೈಗಾರಿಕಾ ಸಂಸ್ಥೆಗಳು

ಥಾಮಸ್ ಎಡಿಸನ್ ಅವರ ವಿದ್ಯುದ್ದೀಪದ ಯೋಜನೆಗೆ ಮಾರ್ಗನ್ ಆರಂಭದಲ್ಲಿಯೇ ಬೆಂಬಲ ನೀಡಿದ್ದರು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ವಿದ್ಯುತ್ ಕೇಂದ್ರ ಕಾರ್ಯಾರಂಭ ಮಾಡಿದಾಗ ದೀಪ ಬೆಳಗಿದ ಕಟ್ಟಡಗಳಲ್ಲಿ ಮಾರ್ಗನ್ ಕಚೇರಿಯೂ ಒಂದು. 1892ರಲ್ಲಿ ಎಡಿಸನ್ ಕಂಪನಿಯನ್ನು ಅದರ ಪ್ರತಿಸ್ಪರ್ಧಿಯಾದ ಥಾಮ್ಸನ್-ಹ್ಯೂಸ್ಟನ್ ಕಂಪನಿಯೊಡನೆ ವಿಲೀನಗೊಳಿಸಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯನ್ನು ರಚಿಸಲಾಯಿತು. 1901ರಲ್ಲಿ ಮಾರ್ಗನ್ ಆಂಡ್ರ್ಯೂ ಕಾರ್ನೆಗಿ ಅವರ ಉಕ್ಕಿನ ಉದ್ಯಮವನ್ನು ಅವರು ಕೇಳಿದ 48 ಕೋಟಿ ಡಾಲರಿಗೆ ಚೌಕಾಸಿಯಿಲ್ಲದೆ ಕೊಂಡರು. ಅದನ್ನು ಇತರ ಉಕ್ಕಿನ ಕಂಪನಿಗಳೊಡನೆ ಸೇರಿಸಿ ಯು.ಎಸ್. ಸ್ಟೀಲ್ ಸ್ಥಾಪಿಸಿದರು. 140 ಕೋಟಿ ಡಾಲರ್ ಬಂಡವಾಳದ ಈ ಸಂಸ್ಥೆ ನೂರು ಕೋಟಿ ಡಾಲರ್ ಗಡಿ ದಾಟಿದ ಜಗತ್ತಿನ ಮೊದಲ ಕಂಪನಿ.

ಎಲ್ಲ ಯತ್ನಗಳೂ ಫಲಿಸಲಿಲ್ಲ. ಹಡಗು ಕಂಪನಿಗಳನ್ನು ಒಗ್ಗೂಡಿಸಿ 1902ರಲ್ಲಿ ರಚಿಸಿದ ಇಂಟರ್‌ನ್ಯಾಷನಲ್ ಮರ್ಕಂಟೈಲ್ ಮರೀನ್ ನಿರೀಕ್ಷಿತ ಲಾಭ ತರಲಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಈ ಸಮೂಹಕ್ಕೆ ಸೇರಿದ ವೈಟ್ ಸ್ಟಾರ್ ಕಂಪನಿಯ ಹಡಗಾಗಿತ್ತು. ವಾಯವ್ಯ ಭಾಗದ ರೈಲು ಕಂಪನಿಗಳನ್ನು ಒಂದುಗೂಡಿಸಲು ಸ್ಥಾಪಿಸಿದ ನಾರ್ದರ್ನ್ ಸೆಕ್ಯುರಿಟೀಸ್ ಸಂಸ್ಥೆಯ ವಿರುದ್ಧ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಸರ್ಕಾರ ಮೊಕದ್ದಮೆ ಹೂಡಿತು. 1904ರಲ್ಲಿ ಸುಪ್ರೀಂ ಕೋರ್ಟ್ ಆ ಸಂಸ್ಥೆಯ ವಿಸರ್ಜನೆಗೆ ಆದೇಶಿಸಿತು.

1907ರ ಆರ್ಥಿಕ ತಲ್ಲಣ

1907ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಕಂಪನಿ ಠೇವಣಿದಾರರಿಗೆ ಹಣ ಕೊಡಲಾಗದೆ ಬಾಗಿಲು ಮುಚ್ಚಿತು. ಇತರ ಟ್ರಸ್ಟ್ ಕಂಪನಿಗಳ ಮುಂದೆಯೂ ಜನರ ಸಾಲು ಬೆಳೆಯಿತು. ಎಪ್ಪತ್ತರ ಹರೆಯದ ಮಾರ್ಗನ್ ಚರ್ಚಿನ ಸಮ್ಮೇಳನದಿಂದ ಮರಳಿ, ಯುವ ಬ್ಯಾಂಕರುಗಳನ್ನು ಕಳುಹಿಸಿ ಒಂದೊಂದು ಕಂಪನಿಯ ಲೆಕ್ಕವನ್ನೂ ಪರಿಶೀಲಿಸಿದರು. ಆಸ್ತಿ ಇದ್ದೂ ನಗದಿಲ್ಲದ ಸಂಸ್ಥೆಗಳನ್ನು ಉಳಿಸುವುದು, ಒಳಗೇ ಟೊಳ್ಳಾದವುಗಳನ್ನು ಬಿಟ್ಟುಬಿಡುವುದು ಅವರ ನೀತಿಯಾಗಿತ್ತು. ಅಕ್ಟೋಬರ್ 24ರಂದು ಷೇರುಪೇಟೆಯೇ ಮುಚ್ಚುವ ಅಪಾಯ ಎದುರಾದಾಗ ಬ್ಯಾಂಕುಗಳ ಮುಖ್ಯಸ್ಥರನ್ನು ಕರೆಸಿ ಕೆಲವೇ ನಿಮಿಷಗಳಲ್ಲಿ ಸುಮಾರು ಎರಡೂವರೆ ಕೋಟಿ ಡಾಲರ್ ಒಟ್ಟುಗೂಡಿಸಿದರು. ನವೆಂಬರ್ ಆರಂಭದ ಒಂದು ರಾತ್ರಿ ಟ್ರಸ್ಟ್ ಕಂಪನಿಗಳ ಅಧ್ಯಕ್ಷರನ್ನು ತಮ್ಮ ಗ್ರಂಥಾಲಯದಲ್ಲಿ ಕೂಡಿಸಿ, ಬಾಗಿಲಿಗೆ ಬೀಗ ಹಾಕಿಸಿ, ಬೆಳಗಿನ ಜಾವದ ಹೊತ್ತಿಗೆ ಎಲ್ಲರಿಂದಲೂ ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಪಡೆದರು.

ಇದೇ ಸಂದರ್ಭದಲ್ಲಿ ಯು.ಎಸ್. ಸ್ಟೀಲ್ ತನ್ನ ಪ್ರತಿಸ್ಪರ್ಧಿಯಾದ ಟೆನೆಸ್ಸಿ ಕಲ್ಲಿದ್ದಲು ಮತ್ತು ಕಬ್ಬಿಣ ಕಂಪನಿಯನ್ನು ಕೊಂಡಿತು. ಮುಳುಗುತ್ತಿದ್ದ ದಲ್ಲಾಳಿ ಸಂಸ್ಥೆಯೊಂದನ್ನು ಉಳಿಸಲು ಇದು ಅಗತ್ಯವಾಗಿತ್ತೆಂದು ಬೆಂಬಲಿಗರೂ, ಬೆಂಕಿಬಿದ್ದ ಮನೆಯಲ್ಲಿ ಗಳ ಹಿರಿದಂತಾಯಿತೆಂದು ವಿರೋಧಿಗಳೂ ವಾದಿಸಿದರು. ದೇಶದ ಹಣಕಾಸಿನ ಭದ್ರತೆ ವೃದ್ಧರೊಬ್ಬರ ಸಾಮರ್ಥ್ಯದ ಮೇಲೆ ನಿಂತಿರಬಾರದೆಂಬ ಅರಿವು ಮಾತ್ರ ಎರಡೂ ಪಕ್ಷಗಳಲ್ಲಿ ಮೂಡಿತು. 1913ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ವ್ಯವಸ್ಥೆ ಕಾನೂನಿನ ರೂಪ ಪಡೆಯಿತು.

ಪುಜೋ ಸಮಿತಿಯ ವಿಚಾರಣೆ

ಹಣದ ಮೇಲಿನ ಹಿಡಿತ ಕೆಲವರಲ್ಲಿಯೇ ಕೇಂದ್ರೀಕೃತವಾಗಿದೆಯೇ ಎಂಬುದನ್ನು ತನಿಖೆ ಮಾಡಲು ಸಂಸತ್ತು ಆರ್ಸೆನ್ ಪುಜೋ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮಾರ್ಗನ್ ಸಂಸ್ಥೆ ಮತ್ತು ಅದರೊಡನೆ ನಿಕಟವಾಗಿದ್ದ ಕೆಲವು ಬ್ಯಾಂಕುಗಳು 112 ಕಂಪನಿಗಳಲ್ಲಿ 341 ನಿರ್ದೇಶಕ ಸ್ಥಾನಗಳನ್ನು ಹೊಂದಿವೆಯೆಂದು ಸಮಿತಿ ಗುರುತಿಸಿತು. 1912ರ ಡಿಸೆಂಬರಿನಲ್ಲಿ ಮಾರ್ಗನ್ ಸಾಕ್ಷಿ ನುಡಿದರು. ತಮಗೆ ಅಂತಹ ಅಧಿಕಾರವಿದೆ ಎಂಬುದನ್ನು ಅವರು ಒಪ್ಪಲಿಲ್ಲ. ಸಮಿತಿಯ ವಕೀಲ ಸ್ಯಾಮ್ಯುಯೆಲ್ ಅಂಟರ್‌ಮೆಯರ್ ಸಾಲ ಕೊಡುವುದು ಆಸ್ತಿಯನ್ನು ನೋಡಿಯೇ ಅಲ್ಲವೆ ಎಂದು ಕೆದಕಿದಾಗ, ಎಲ್ಲಕ್ಕಿಂತ ಮೊದಲು ನೋಡುವುದು ಮನುಷ್ಯನ ಶೀಲವನ್ನು, ನಂಬಿಕೆಯಿಲ್ಲದವನಿಗೆ ಎಷ್ಟು ಆಸ್ತಿಯಿದ್ದರೂ ತಾವು ಹಣ ಕೊಡುವವರಲ್ಲ ಎಂಬ ಅರ್ಥದ ಉತ್ತರ ನೀಡಿದರು. ಅರ್ಧ ಶತಮಾನದ ಹಿಂದೆ ಚಿನ್ನದ ಸಟ್ಟಾಕ್ಕೆ ಇಳಿದಿದ್ದ ಯುವಕನಿಗೆ ತಂದೆ ಕಲಿಸಿದ್ದ ಪಾಠವೂ ಇದೇ ಆಗಿತ್ತು.

ಕಲಾಸಂಗ್ರಹ

ಗಾಟಿಂಗೆನ್ ದಿನಗಳಿಂದ ಮೊಳೆತ ಆಸಕ್ತಿ ತಂದೆಯ ನಿಧನಾನಂತರ ಬೃಹತ್ ಸಂಗ್ರಹವಾಗಿ ಬೆಳೆಯಿತು. ಹಸ್ತಪ್ರತಿಗಳು, ಅಪರೂಪದ ಮುದ್ರಿತ ಗ್ರಂಥಗಳು, ಚಿತ್ರಗಳು, ಪಿಂಗಾಣಿ ಮತ್ತು ರತ್ನಗಳನ್ನು ಅವರು ಕೊಂಡರು. 1904ರಿಂದ ಕೊನೆಯವರೆಗೂ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ ಅಧ್ಯಕ್ಷರಾಗಿದ್ದರು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್ ವಿನ್ಯಾಸಗೊಳಿಸಿದ ಅವರ ಖಾಸಗಿ ಗ್ರಂಥಾಲಯ 1906ರಲ್ಲಿ ಪೂರ್ಣಗೊಂಡಿತು. ಗ್ರಂಥಪಾಲಕಿ ಬೆಲ್ ಡ ಕೋಸ್ಟಾ ಗ್ರೀನ್ ಅದನ್ನು ವಿದ್ವಾಂಸರು ಮೆಚ್ಚುವ ಸಂಗ್ರಹವನ್ನಾಗಿ ಬೆಳೆಸಿದರು. 1924ರಲ್ಲಿ ಮಗ ಈ ಗ್ರಂಥಾಲಯವನ್ನು ಸಾರ್ವಜನಿಕ ಸಂಸ್ಥೆಯಾಗಿ ಪರಿವರ್ತಿಸಿದರು. ಮಾರ್ಗನೈಟ್ ಎಂಬ ಗುಲಾಬಿ ಬಣ್ಣದ ರತ್ನಕ್ಕೆ ಇವರ ಹೆಸರೇ ಇದೆ.

ನಿಧನ

ವಿಚಾರಣೆಯ ಬಳಿಕ ಮಾರ್ಗನ್ ಈಜಿಪ್ಟ್ ಪ್ರವಾಸ ಕೈಗೊಂಡರು. ನೈಲ್ ನದಿಯ ಪ್ರಯಾಣದಲ್ಲಿ ಅಸ್ವಸ್ಥರಾಗಿ, ರೋಮ್ ನಗರದ ಹೋಟೆಲೊಂದರಲ್ಲಿ 1913ರ ಮಾರ್ಚ್ 31ರಂದು ನಿಧನ ಹೊಂದಿದರು. ಅಂತ್ಯಕ್ರಿಯೆಯ ದಿನ ನ್ಯೂಯಾರ್ಕ್ ಷೇರುಪೇಟೆ ಮಧ್ಯಾಹ್ನದವರೆಗೆ ಮುಚ್ಚಿತ್ತು. ಹುಟ್ಟೂರು ಹಾರ್ಟ್‌ಫರ್ಡಿನ ಸೀಡರ್ ಹಿಲ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಕಲಾಸಂಗ್ರಹವನ್ನು ಬಿಟ್ಟು ಅವರ ಆಸ್ತಿ ಸುಮಾರು 6.8 ಕೋಟಿ ಡಾಲರ್ ಎಂದು ಅಂದಾಜಾಯಿತು. ಅವರ ಪ್ರಭಾವವನ್ನು ಕಂಡಿದ್ದವರಿಗೆ ಈ ಮೊತ್ತ ನಿರೀಕ್ಷೆಗಿಂತ ಕಡಿಮೆಯೆನಿಸಿತು.

ಪ್ರಭಾವ ಮತ್ತು ಮೌಲ್ಯಮಾಪನ

1933ರ ಗ್ಲಾಸ್-ಸ್ಟೀಗಲ್ ಕಾನೂನು ಠೇವಣಿ ಬ್ಯಾಂಕಿಂಗ್ ಮತ್ತು ಹೂಡಿಕೆ ಬ್ಯಾಂಕಿಂಗ್ ಬೇರೆಬೇರೆಯಾಗಿರಬೇಕೆಂದು ವಿಧಿಸಿತು. ಮಾರ್ಗನ್ ಸಂಸ್ಥೆ ಠೇವಣಿ ವ್ಯವಹಾರವನ್ನು ಉಳಿಸಿಕೊಂಡಿತು. 1935ರಲ್ಲಿ ಅದರ ಕೆಲವು ಪಾಲುದಾರರು ಹೊರಬಂದು ಮಾರ್ಗನ್ ಸ್ಟ್ಯಾನ್ಲಿ ಎಂಬ ಹೂಡಿಕೆ ಬ್ಯಾಂಕನ್ನು ಸ್ಥಾಪಿಸಿದರು. ಮೂಲ ಸಂಸ್ಥೆ 2000ದಲ್ಲಿ ಚೇಸ್ ಬ್ಯಾಂಕಿನೊಡನೆ ವಿಲೀನವಾಗಿ ಜೆ.ಪಿ. ಮಾರ್ಗನ್ ಚೇಸ್ ಆಯಿತು. ಎರಡೂ ಸಂಸ್ಥೆಗಳು ಇಂದಿಗೂ ಅವರ ಹೆಸರನ್ನು ಹೊತ್ತಿವೆ.

ಚದುರಿಹೋಗಿದ್ದ ಉದ್ಯಮಗಳಿಗೆ ಶಿಸ್ತು ತಂದು ಅಮೆರಿಕದ ಕೈಗಾರಿಕೀಕರಣಕ್ಕೆ ಬಂಡವಾಳ ಒದಗಿಸಿದವರೆಂದು ಮಾರ್ಗನ್ ಅವರನ್ನು ಹೊಗಳುವವರಿದ್ದಾರೆ. ಪೈಪೋಟಿಯನ್ನು ಅಳಿಸಿ ಏಕಸ್ವಾಮ್ಯ ಬೆಳೆಸಿದವರೆಂದು ತೆಗಳುವವರೂ ಇದ್ದಾರೆ. ಅವರ ವೃತ್ತಿಪ್ರವೇಶವನ್ನು ಕುರಿತು ಮಾತ್ರ ಹೆಚ್ಚು ವಿವಾದವಿಲ್ಲ. ತಂದೆಯ ಹೆಸರು ಅವರಿಗೆ ಬ್ಯಾಂಕಿನ ಬಾಗಿಲನ್ನು ತೆರೆಯಿತು. ಪರದೇಶದ ಶಿಕ್ಷಣ ಒಳಗೆ ದುಡಿಯುವ ಸಾಮರ್ಥ್ಯ ನೀಡಿತು. ಆದರೆ 1857ರಿಂದ 1871ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಎಡವಿ, ತಿದ್ದಿಸಿಕೊಂಡು, ಹಿರಿಯರ ಕೈಕೆಳಗೆ ದುಡಿದ ಮೇಲೆಯೇ ಆ ಹೆಸರು ಅವರ ಸ್ವಂತದ್ದಾಯಿತು.